ಡಬ್ಬಿಯೊಳಗಿನ ನಡುಗಡ್ಡೆ

ನಮ್ಮ ಮನೆಯಲ್ಲಿ ಡಬ್ಬಿಯ ಮೇಲೆ ಬರೆದದ್ದು ಡಬ್ಬಿಯ ಒಳಗೆ ಇರುವುದಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿದಾರ, ಖರ್ಜೂರದ ಡಬ್ಬಿಯಲ್ಲಿ ಗುರೆಳ್ಳು ಚಟ್ನಿಪುಡಿ, ಕಾಫಿಯ ಸೀಸೆಯಲ್ಲಿ ಸಾಸಿವೆ. ನಗಬೇಡಿ, ನಿಮ್ಮ ಅಡುಗೆಮನೆಯೂ ಹೇಗಿರುತ್ತದೆಂದು ನನಗೆ ಗೊತ್ತು. ಕುವೈತಿಗೆ ಬಂದು ಹತ್ತೊಂಬತ್ತು ವರ್ಷವಾದರೂ ಗಟ್ಟಿ ಮುಚ್ಚಳದ ಡಬ್ಬಿಯೊಂದನ್ನು ಕಸಕ್ಕೆ ಹಾಕುವ ಧೈರ್ಯ ನನ್ನ ಹೆಂಡತಿ ಗಿರಿಜಾಗೆ ಬಂದಿಲ್ಲ. ಹಾಗೆಂದು ಅವಳೊಬ್ಬಳನ್ನೇ ಆಡಿಕೊಳ್ಳುವಂತಿಲ್ಲ. ಹಿಡಿ ಮುರಿದ ಒಂದು ಚಹಾ ಕಪ್ಪನ್ನು, ಅಂಚಿನಲ್ಲಿ ನೀಲಿ ಹೂವಿದೆ ಎಂಬ ಒಂದೇ ಕಾರಣಕ್ಕೆ, ನಾನೂ ಏಳು ವರ್ಷ ಕಾಪಾಡಿಕೊಂಡು ಬಂದಿದ್ದವನು. ಅದರಲ್ಲಿ ಚಹಾ ಕುಡಿದರೆ ಬೆರಳು ಸುಡುತ್ತಿತ್ತು, ಬೇರೆ ಕಪ್ಪಿನಲ್ಲಿ ಕುಡಿದರೆ ಚಹಾ ಕುಡಿದಂತೆ ಅನ್ನಿಸುತ್ತಿರಲಿಲ್ಲ.

ಸದ್ಯ ನಮ್ಮ ಬಾಲ್ಕನಿಯಲ್ಲಿ ಒಂದು ಹಾಲಿನ ಪುಡಿಯ ಡಬ್ಬಿ ಇದೆ. ಅದರಲ್ಲೂ ಹಾಲಿನ ಪುಡಿ ಇಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಒಂದು ಶುಕ್ರವಾರ ನೆನಪಾಗುತ್ತದೆ, ನಗು ಬರುತ್ತದೆ, ಹಿಂದೆಯೇ ಸ್ವಲ್ಪ ನಾಚಿಕೆಯೂ ಆಗುತ್ತದೆ.

ಡಬ್ಬಿ ಇದ್ರೀಸನದು. ಸುಲೈಬಿಯಾದ ಕೋಲ್ಡ್ ಸ್ಟೋರೇಜಿನಲ್ಲಿ ನಾನು ಕಂಪ್ರೆಸರ್ ನೋಡಿಕೊಳ್ಳುವ ಟೆಕ್ನಿಶಿಯನ್, ಇದ್ರೀಸ್ ಅಲ್ಲಿಯ ಸ್ಟೋರ್‌ಕೀಪರ್. ಒಳಗೆ ಕೋಳಿಮಾಂಸ ಕಲ್ಲಾಗುವ ಚಳಿ, ಹೊರಗೆ ಚಪ್ಪಲಿಯ ಅಂಟು ಬಿಡುವ ಬಿಸಿಲು. ಎರಡರ ನಡುವೆ ಶೆಡ್ಡಿನ ನೆರಳಲ್ಲಿ ಎರಡು ಖಾಲಿ ಕ್ರೇಟು ಬೋರಲು ಹಾಕಿಕೊಂಡು ದಿನಾ ಹತ್ತು ಗಂಟೆಗೆ ನಮ್ಮಿಬ್ಬರ ಚಹಾ. ಅವನನ್ನು ಸುಡಾನಿನವನು ಎಂದರೆ ಅರ್ಧ ಸಮಾಧಾನ, ನೂಬಿಯಾದವನು ಎಂದರೆ ಮುಕ್ಕಾಲು, ನೈಲ್ ನದಿಯ ನಡುಗಡ್ಡೆಯವನು ಎಂದರೆ ಮಾತ್ರ ಪೂರ್ತಿ. ನಾವು ಮಾತಾಡುವ ಭಾಷೆಗೆ ಹೆಸರಿಲ್ಲ. ಹಿಂದಿಯಲ್ಲಿ ಹೊರಟು, ಅರಬ್ಬಿಯಲ್ಲಿ ದಾರಿ ತಪ್ಪಿ, ಇಂಗ್ಲಿಷಿನಲ್ಲಿ ಹೇಗೋ ಮನೆ ಸೇರುತ್ತದೆ. ಇಲ್ಲಿ ಅವನ ಮಾತನ್ನೆಲ್ಲ ಕನ್ನಡದಲ್ಲೇ ಬರೆಯುತ್ತೇನೆ. ಅವನು ಓದುವುದಿಲ್ಲವಾದ್ದರಿಂದ ಜಗಳಕ್ಕೂ ಬರುವುದಿಲ್ಲ.

ಅವನ ನಡುಗಡ್ಡೆಯ ಹೆಚ್ಚುಗಾರಿಕೆ ಏನೆಂದರೆ ಅಲ್ಲಿ ಮನುಷ್ಯರು ಬಂದವರು ಮತ್ತೆ ಪೂರ್ತಿ ಖಾಲಿ ಮಾಡಿಯೇ ಇಲ್ಲ. ಕಲ್ಲಿನ ಕೊಡಲಿಯವರು ಇದ್ದರು. ಆಮೇಲೆ ಕಪ್ಪು ಬಾಯಿಯ ಕೆಂಪು ಗಡಿಗೆ ಮಾಡುವವರು ಬಂದರು. ಈಜಿಪ್ಟಿನ ದೊರೆಗಳು ಬಂದು ಗೋಡೆ ಎತ್ತಿ, ಗುಡಿ ಕಟ್ಟಿ ಹೋದರು. ಅದರ ಮೇಲೆ ಕ್ರೈಸ್ತರ ಇಗರ್ಜಿ, ಅದರ ಪಕ್ಕ ತುರ್ಕರ ಕೋಟೆ. ಎಲ್ಲರೂ ಆದಮೇಲೆ, ಎಲ್ಲದರ ಮಗ್ಗುಲಿಗೆ, ಇದ್ರೀಸನ ಅವ್ವನ ಮನೆ. ಇಗರ್ಜಿಯ ಕಂಬದ ತುಂಡೊಂದು ಅವರ ಅಂಗಳದಲ್ಲಿದೆಯಂತೆ, ಅದಕ್ಕೆ ಅವ್ವ ಮೇಕೆ ಕಟ್ಟುತ್ತಾಳಂತೆ. ಚಳಿಗಾಲ ಬಂತೆಂದರೆ ಪರದೇಶದಿಂದ ಅಗೆಯುವ ತಂಡದವರು ಬರುತ್ತಿದ್ದರು. ಮದುವೆಗೆ ಮುಂಚೆ ಇದ್ರೀಸ್ ಐದು ಚಳಿಗಾಲ ಅವರ ಜೊತೆ ಕೂಲಿಗೆ ಹೋಗಿದ್ದಾನೆ. ಕರಣೆ ಹಿಡಿದು ಕೆರೆಯುವುದು, ಕುಂಚದಿಂದ ಗುಡಿಸುವುದು, ಜರಡಿ ಹಿಡಿಯುವುದು ಅವನಿಗೆ ಗೊತ್ತು. ಎಲ್ಲಕ್ಕಿಂತ ಹೆಚ್ಚಾಗಿ ಒಂದು ಸೂತ್ರ ಗೊತ್ತು: ಕೆಳಗಿರುವುದು ಹಳೆಯದು, ಮೇಲಿರುವುದು ಹೊಸದು. ಕೋಳಿಯ ರಟ್ಟಿನ ಪೆಟ್ಟಿಗೆಗಳಿಂದ ಹಿಡಿದು ನಮ್ಮ ಆಫೀಸಿನವರೆಗೆ ಎಲ್ಲಕ್ಕೂ ಅವನು ಅದನ್ನೇ ಹಚ್ಚುತ್ತಿದ್ದ. ಹತ್ತೊಂಬತ್ತು ವರ್ಷ ದುಡಿದ ನಾನು ಕೆಳಗೆ, ಮೊನ್ನೆ ಬಂದವರು ಮೇಲೆ ಇರುವುದನ್ನು ನೋಡಿದರೆ ಸೂತ್ರ ಸರಿಯಾಗಿಯೇ ಇದೆ.

ಸುಮ್ಮನೆ ಕೇಳಿಕೊಂಡಿರಲು ನಾನೇನು ನೀರಿಲ್ಲದ ಊರಿನವನೇ? ನಮ್ಮೂರು ಕೃಷ್ಣೆಯ ದಂಡೆಯಲ್ಲಿದೆ, ರಾಯಚೂರು ಸೀಮೆ. ನಮಗೂ ಒಂದು ನಡುಗಡ್ಡೆ ಇದೆ, ಅಲ್ಲಿ ನಮ್ಮಜ್ಜನ ಎರಡು ಎಕರೆ ಇತ್ತು, ಹರಗೋಲಿನಲ್ಲಿ ದಾಟುತ್ತಿದ್ದೆವು. ಊರ ಮಗ್ಗುಲಿಗೆ ಹಾಳೂರ ದಿಬ್ಬ. ಯಾವ ಕಾಲದ ಊರೋ, ಯಾಕೆ ಹಾಳಾಯಿತೋ ಯಾರಿಗೂ ಗೊತ್ತಿಲ್ಲ. ಮಳೆ ಬಂದ ಮರುದಿನ ಅಲ್ಲಿ ಗಡಿಗೆಯ ಚೂರು ಆರಿಸಲು ಓಡುತ್ತಿದ್ದೆವು, ಅರ್ಧ ಕಪ್ಪು ಅರ್ಧ ಕೆಂಪು, ಸವೆದು ನುಣುಪಾದವು. ಕುಂಟಬಿಲ್ಲೆಗೆ ಅದಕ್ಕಿಂತ ಒಳ್ಳೆಯ ಬಿಲ್ಲೆ ಇಲ್ಲ, ಒಗೆದರೆ ಗೆರೆಯ ಒಳಗೇ ಕೂರುತ್ತದೆ. ಓದಿದವರು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವ ಸಾಮಾನಿನ ಮೇಲೆ ನಾನು ನಾಲ್ಕನೇ ಇಯತ್ತೆಯವರೆಗೆ ಒಂಟಿಗಾಲಲ್ಲಿ ಕುಣಿದಿದ್ದೇನೆ. ನಮ್ಮ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮಗ್ಗುಲು ತಿರುಗಿಸಿದಾಗ ಅದರ ಮೇಲೆ ಕತ್ತಿ ಹಿಡಿದ ವೀರನೊಬ್ಬ ಇದ್ದ. ನಮ್ಮವ್ವ ಎರಡು ದಿನ ಕುಂಕುಮ ಹಚ್ಚಿ, ಮೂರನೆಯ ದಿನ ಮತ್ತೆ ಬೋರಲು ಹಾಕಿ ಒಗೆಯತೊಡಗಿದಳು. ಇದನ್ನು ಹೇಳಿದಾಗ ಇದ್ರೀಸ್ ಮೇಕೆಯ ಕಂಬವನ್ನು ನೆನೆದು ನಕ್ಕ. "ಖಲಾಸ್, ನಿನ್ನವ್ವ ನನ್ನವ್ವ ಅಕ್ಕತಂಗಿ" ಎಂದ.

ಆದರೆ ಇದ್ರೀಸನ ಕಣ್ಣರಳಿಸಿದ್ದು ಹಾಳುಮಣ್ಣಿನ ವಿಷಯ. ನಮ್ಮ ಕಡೆ ಬೇಸಿಗೆಯಲ್ಲಿ ಹಾಳೂರ ದಿಬ್ಬದ ಮಣ್ಣನ್ನು ಬಂಡಿಗಟ್ಟಲೆ ಹೇರಿ ಹೊಲಕ್ಕೆ ಹಾಕುತ್ತಿದ್ದರು. ಹಳೆಯ ಜನರ ಒಲೆಬೂದಿ, ದನದ ಕೊಟ್ಟಿಗೆಯ ಕಸ, ಅವರು ಉಂಡು ಬಿಟ್ಟದ್ದು ಎಲ್ಲ ಸೇರಿ ಬೂದು ಬಣ್ಣದ, ಹಗುರಾದ ಮಣ್ಣು. ಜೋಳ ಆಳೆತ್ತರ ಬರುತ್ತಿತ್ತು. ಇದ್ರೀಸ್ ಚಹಾ ಕೆಳಗಿಟ್ಟ. ಅವರ ನಡುಗಡ್ಡೆಯಲ್ಲೂ ಇದೇ ಕತೆ. ತಂಡದವರು ಬಂದು ಬೇಡ ಎನ್ನುವವರೆಗೆ ಅರ್ಧ ಹಳೇ ಪಟ್ಟಣವನ್ನು ಅವನ ಅಜ್ಜಂದಿರು ಕತ್ತೆಯ ಮೇಲೆ ಹೇರಿ ಅವರೆಯ ಹೊಲಕ್ಕೆ ಸುರಿದಿದ್ದರಂತೆ. ಆವತ್ತು ನಮ್ಮ ಚಹಾ ಅರ್ಧ ಗಂಟೆ ಹೆಚ್ಚು ನಡೆಯಿತು, ಒಂದು ಕಂಪ್ರೆಸರ್ ಅದಕ್ಕೆ ಸಿಟ್ಟಾಗಿ ನಿಂತುಹೋಯಿತು.

ಅವನ ದೇಶದಲ್ಲಿ ಯುದ್ಧ ಶುರುವಾದ ಮೇಲೆ ಇದ್ರೀಸ್ ಊರಿಗೆ ಹೋಗಿಲ್ಲ. ಅವ್ವನ ಫೋನು ಒಂದು ತಿಂಗಳು ಹತ್ತಿದರೆ ನಾಲ್ಕು ತಿಂಗಳು ಹತ್ತುವುದಿಲ್ಲ. ಅಂಥ ದಿನಗಳಲ್ಲೇ ಅವನಿದ್ದ ಲೇಬರ್ ಕ್ಯಾಂಪ್ ಬದಲಾಯಿತು. ಹೊಸ ರೂಮಿನಲ್ಲಿ ಎಲ್ಲರಿಗೂ ಕಪಾಟು ಬರುವವರೆಗೆ ಒಂದು ಸೂಟ್‌ಕೇಸಿಗೆ ಮಾತ್ರ ಜಾಗ. ಆವಾಗ ಅವನು ಈ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಮುಚ್ಚಳ ತೆಗೆದು ತೋರಿಸಿದ. ಮುಕ್ಕಾಲು ಡಬ್ಬಿ ಬೂದು ಮಣ್ಣು, ಅದರ ಮೇಲೆ ಅಂಗೈಯಗಲದ ಒಂದು ಗಡಿಗೆಯ ಚೂರು. ಚೂರಿನ ಅಂಚಿನುದ್ದಕ್ಕೂ ಉಗುರಿನಿಂದ ಒತ್ತಿದ ಗುರುತು. ಕುವೈತಿಗೆ ಹೊರಟಾಗ ಅವ್ವ ಅವರೆಯ ಹೊಲದಿಂದ ಬೊಗಸೆಯಲ್ಲಿ ತುಂಬಿ ಕೊಟ್ಟದ್ದು. ಆ ಉಗುರಿನ ಗುರುತನ್ನು ತೋರಿಸಿ, ಇದು ಯಾವಳೋ ಹೆಣ್ಣುಮಗಳ ಕೈ, ನನ್ನ ಕೈಯೆಂದು ತಿಳಿದು ಇಟ್ಟುಕೋ ಎಂದಿದ್ದಳಂತೆ.

"ಇದರಲ್ಲಿ ನನ್ನ ಊರಿದೆ, ಭಾಯಿ. ಕಪಾಟು ಸಿಕ್ಕ ಕೂಡಲೇ ಒಯ್ಯುತ್ತೇನೆ" ಎಂದ ಇದ್ರೀಸ್.

ನಾನು ಡಬ್ಬಿಯನ್ನು ಜಾಬ್ರಿಯಾದ ನಮ್ಮ ಮನೆಗೆ ತಂದು ಬಾಲ್ಕನಿಯ ಮೂಲೆಯಲ್ಲಿ ಇಟ್ಟೆ. ಗಿರಿಜಾಗೆ ಎಲ್ಲ ವಿವರವಾಗಿ ಹೇಳಿದೆ. ಹೇಳಿದೆ ಎಂದು ಮೂರು ತಿಂಗಳು ನಂಬಿಕೊಂಡಿದ್ದೆ.

ಇಲ್ಲಿ ನಮ್ಮ ಕರಿಬೇವಿನ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂಬತ್ತು ವರ್ಷದ ಹಿಂದೆ ಗಿರಿಜಾ ತವರಿನಿಂದ ಕರಿಬೇವಿನ ಐದು ಹಣ್ಣುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಒಂದೇ ಒಂದು ಹುಟ್ಟಿತು. ಅದಕ್ಕೆ ಮಾಡಿದ ಆರೈಕೆಯನ್ನು ಅವಳು ನನಗೆ ಮಾಡಿದ್ದರೆ ನನಗಿಷ್ಟು ಬೇಗ ಕೂದಲು ಉದುರುತ್ತಿರಲಿಲ್ಲ. ವಫ್ರಾದ ತೋಟದಲ್ಲಿ ಕೆಲಸ ಮಾಡುವ ಊರ ಕಡೆಯವರಿಂದ ಮಣ್ಣು, ಕುರಿಗೊಬ್ಬರ ಬರಬೇಕು. ಧೂಳು ಎದ್ದ ದಿನ ಎಲೆ ಎಲೆಯನ್ನೂ ಒರೆಸಬೇಕು. ಜುಲೈ ಆಗಸ್ಟಿನಲ್ಲಿ ಅದಕ್ಕೆ ನಡುಮನೆಯ ಎಸಿ ಕೆಳಗೆ ಜಾಗ, ನಾನು ಟೀವಿಯನ್ನು ಅದರ ಕೊಂಬೆಗಳ ಸಂದಿಯಿಂದ ನೋಡಬೇಕು. ಕ್ಲಿನಿಕ್ಕಿನ ಲ್ಯಾಬಿನಲ್ಲಿ ಅವಳ ಜೊತೆ ಕೆಲಸ ಮಾಡುವ ಮಂಗಳೂರಿನ ಕೊಂಕಣಿ ಬಾಯಮ್ಮನೊಬ್ಬರಿಗೆ ವಾರಕ್ಕೆ ಎರಡು ಕಡ್ಡಿ ಎಲೆ ಹೋಗುತ್ತದೆ, ಅದೂ ಗಿಡದ ಅಪ್ಪಣೆ ಕೇಳಿಕೊಂಡು.

ಆ ಶುಕ್ರವಾರ ಬೆಳಿಗ್ಗೆ ಇದ್ರೀಸ್ ಫೋನು ಮಾಡಿದ. ಕಪಾಟು ಸಿಕ್ಕಿದೆ, ನಮಾಜು ಮುಗಿಸಿ ಬಂದು ಡಬ್ಬಿ ಒಯ್ಯುತ್ತೇನೆ ಎಂದ. ಬಾಲ್ಕನಿಗೆ ಹೋದೆ. ಡಬ್ಬಿ ಇತ್ತು. ಎತ್ತಿದರೆ ಹಗುರಾಗಿತ್ತು. ಮುಚ್ಚಳ ತೆಗೆದರೆ ಒಳಗೆ ಬಟ್ಟೆಗೆ ಹಾಕುವ ಕ್ಲಿಪ್ಪುಗಳು.

"ಗಿರಿಜಾ, ಇದರಾಗಿನ ಮಣ್ಣು?"

"ಕರಿಬೇವಿಗೆ ಹಾಕೀನ್ರಿ" ಎಂದಳು ಅವಳು, ಅಡುಗೆಮನೆಯಿಂದಲೇ, ಬಹಳ ಪ್ರೀತಿಯಿಂದ. "ಹಳೇ ಕುಂಡ ಸೀಳಿತ್ತಲ್ಲ, ದೊಡ್ಡದಕ್ಕ ಹಾಕುಮುಂದ ತಳಕ್ಕ, ಸುತ್ತೂ ಕಡೆ ಅದನ್ನ ತುಂಬೀನಿ. ಎಂಥಾ ಹಾಳುಮಣ್ಣ ರೀ ಅದು. ಮೂಸಿ ನೋಡಿದ ಕೂಡ್ಲೆ ಗೊತ್ತಾತು. ಮದಿವ್ಯಾದಾಗಿಂದ ನೀವು ಮನಿಗೆ ತಂದ ಒಳ್ಳೆ ಸಾಮಾನ ಅಂದ್ರ ಅದೊಂದ. ಎಲ್ಲಿ ಸಿಕ್ಕಿತ್ತು?"

ಲೋಕದಲ್ಲಿ ಬೇರೆ ಯಾವ ಹೆಂಗಸಾದರೂ ಅದನ್ನು ಕಸವೆಂದು ಚೆಲ್ಲುತ್ತಿದ್ದಳು, ಇಲ್ಲವೆ ಇದೇನೆಂದು ಕೇಳುತ್ತಿದ್ದಳು. ನಮ್ಮ ಸೀಮೆಯವಳಾದ್ದರಿಂದ ಮೂಸಿ, ಬೆಲೆ ತಿಳಿದು, ಗಿಡಕ್ಕೆ ಹಾಕಿದ್ದಳು. ಅದಕ್ಕೇ ಮೂರು ತಿಂಗಳಿಂದ ಗಿಡ ಹಾಗೆ ಚಿಗುರಿತ್ತು. ಅಷ್ಟು ದಿನ ನಾವು ಉಂಡ ಒಗ್ಗರಣೆಯಲ್ಲೆಲ್ಲ ಇದ್ರೀಸನ ಊರು ಇತ್ತು.

"ಅದರಾಗ ಒಂದು ಚೂರು ಇತ್ತಲ್ಲ?"

"ಕುಂಡದ ತಳದ ತೂತಿಗೆ ಮುಚ್ಚೀನಿ. ಮಣ್ಣು ಸೋರಬಾರದಲ್ಲ. ಅಳತಿ ತಗೊಂಡು ಮಾಡಿದಂಗ ಕುಂತು ಬಿಡ್ತು."

ನಾನು ಕೂತು ಎಲ್ಲ ಹೇಳಿದೆ. ಅವ್ವ, ಬೊಗಸೆ, ಉಗುರಿನ ಗುರುತು, ಹತ್ತದ ಫೋನು. ಗಿರಿಜಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಹೇಳಬೇಕಿಲ್ರೀ?"

"ಹೇಳಿದ್ದೆ."

"ಯಾರಿಗೆ?"

ಹತ್ತನೇ ತರಗತಿಯ ನಮ್ಮ ಮಗಳು ಅಪೂರ್ವಾ ಪುಸ್ತಕದಿಂದ ತಲೆ ಎತ್ತಿ, "ಅಪ್ಪಾ, ಯೂ ಟೋಲ್ಡ್ ನೋಬಡಿ" ಎಂದು ತೀರ್ಪು ಕೊಟ್ಟಳು. ಕನ್ನಡವೆಲ್ಲ ಅರ್ಥವಾಗುತ್ತದೆ ಅವಳಿಗೆ, ತೀರ್ಪು ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ.

ಈಗ ಹೇಳುವುದನ್ನು ನೀವು ಯಾರಿಗೂ ಹೇಳಬೇಡಿ. ನನಗೆ ಒಂದು ಉಪಾಯ ಹೊಳೆಯಿತು. ಸೀಳಿದ ಹಳೇ ಕುಂಡದ ಚೂರು ಅಲ್ಲೇ ಬಿದ್ದಿತ್ತು. ವಫ್ರಾದ ಮಣ್ಣಿಗೆ ಒಂದಿಷ್ಟು ಊದಿನಕಡ್ಡಿಯ ಬೂದಿ ಬೆರೆಸಿದರೆ ಬಣ್ಣ ಕೂಡುತ್ತದೆ. ಚೂರಿನ ಅಂಚಿಗೆ ಉಗುರಿನಿಂದ ಗೀರಿ ಕೂಡ ನೋಡಿದೆ, ಅದು ಸುಟ್ಟ ಮಣ್ಣು, ಉಗುರೇ ಮುರಿಯಿತು. ಗಿರಿಜಾ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳೆಂದು ಆಮೇಲೆ ಗೊತ್ತಾಯಿತು.

"ಅದು ಅವರವ್ವ ಕೊಟ್ಟದ್ದು" ಎಂದಳು. ಅಷ್ಟೇ. ಹತ್ತೊಂಬತ್ತು ವರ್ಷದಲ್ಲಿ ನನಗೆ ಅಷ್ಟು ನಾಚಿಕೆಯಾದದ್ದು ಅದೇ ಮೊದಲು. ಚೂರನ್ನು ಕಸದ ಬುಟ್ಟಿಗೆ ಹಾಕಿದೆ.

ಇದ್ರೀಸ್ ಬಂದ. ಶುಕ್ರವಾರದ ಬಿಳಿ ನಿಲುವಂಗಿ, ಬಿಳಿ ಮುಂಡಾಸು, ಕೈಯಲ್ಲಿ ಖರ್ಜೂರದ ಪೊಟ್ಟಣ. ಅವನು ಕೂರುವ ಮೊದಲೇ ಗಿರಿಜಾ ಹೇಳಿಬಿಟ್ಟಳು. ಕ್ಲಿನಿಕ್ಕಿನಲ್ಲಿ ಕಲಿತ ಅರಬ್ಬಿ ಅವಳಿಗೆ ಚೆನ್ನಾಗಿಯೇ ಬರುತ್ತದೆ, ಆದರೆ ಆವತ್ತು ನಡುನಡುವೆ ಕನ್ನಡ ಬಂತು, ಕೊನೆಗೆ ಬರೀ ಕನ್ನಡವೇ ಆಯಿತು. "ತಪ್ಪಾತಣ್ಣ, ನನಗ ಗೊತ್ತಿರಲಿಲ್ಲ" ಎಂದಳು. ಇದ್ರೀಸನಿಗೆ ಅರ್ಥವಾಯಿತು. ಚಪ್ಪಲಿ ಬಿಟ್ಟು ಬಾಲ್ಕನಿಗೆ ಹೋಗಿ ಕುಂಡದ ಮುಂದೆ ಮಂಡಿಯೂರಿದ. ಒಂದು ಚಿಟಿಕೆ ಮಣ್ಣು ತೆಗೆದು ಮೂಸಿದ. ಇನ್ನೊಂದು ಚಿಟಿಕೆ ತೆಗೆದು ಅಂಗೈಯಲ್ಲಿ ತಿಕ್ಕಿದ. ಸ್ನೇಹ ಇಲ್ಲಿಗೆ ಮುಗಿಯಿತೆಂದು ನನಗೆ ಹೆದರಿಕೆಯಾಯಿತು.

"ಚೂರು?" ಎಂದ.

ಗಿರಿಜಾ ಕುಂಡದ ತಳ ತೋರಿಸಿದಳು. "ಗಿಡ ಎತ್ತಿದರ ಸಿಗತೈತಿ."

"ಬೇಡ ಸಿಸ್ಟರ್. ಈಗ ಬೇರು ಇಳಿದಿದೆ. ಎತ್ತಿದರೆ ಗಿಡ ಸತ್ತೀತು."

"ಸತ್ತರ ಸಾಯಲಿ. ಎತ್ರಿ" ಎಂದಳು ಗಿರಿಜಾ. ಗಿಡದ ಕಡೆ ಮಾತ್ರ ನೋಡಲಿಲ್ಲ.

ಆಮೇಲೆ ಅವನು ಬೇರೆ ಮನುಷ್ಯನೇ ಆದ. ತೋಳು ಮಡಿಸಿ ಸಾಮಾನು ಕೇಳಿದ. ಕರಣೆಯ ಬದಲು ಹುಳಿಯ ಚಮಚ, ಕುಂಚದ ಬದಲು ಅಪೂರ್ವಾಳ ಚಿತ್ರ ಬರೆಯುವ ಬ್ರಷ್ಷು, ಜರಡಿಯ ಬದಲು ಚಹಾ ಸೋಸುವ ಜಾಲರಿ. ಊಟಕ್ಕೆ ಹಾಸುವ ಪ್ಲಾಸ್ಟಿಕ್ ಸುಫ್ರಾ ಬಾಲ್ಕನಿಯಲ್ಲಿ ಹರಡಿದೆವು. ನನಗೆ ಕೊಟ್ಟ ಕೆಲಸ ಬುಟ್ಟಿ ಹಿಡಿಯುವುದು. "ಯಲ್ಲಾ, ನಿಧಾನ" ಎಂದು ಎರಡು ಸಲ ಬೈದ ಕೂಡ.

ಮೇಲಿನ ಪದರದಲ್ಲಿ ಚಹಾದ ಚರಟ, ಮೊಟ್ಟೆಯ ಸಿಪ್ಪೆ. ಅದರ ಕೆಳಗೆ ಒಂದು ಹಸಿರು ಬಳೆಯ ಚೂರು, ಯಾವ ವರ್ಷದ ದೀಪಾವಳಿಯದೋ. ಅದರ ಕೆಳಗೆ ಬೇರಿನ ನಡುವೆ ಬಿಳಿಯ ಕಾಳಿನಂಥದ್ದೊಂದು. ಇದ್ರೀಸ್ ಬ್ರಷ್ಷಿನಿಂದ ಒರೆಸಿ ಅಂಗೈಯಲ್ಲಿಟ್ಟ. ಹಲ್ಲು. ಅಪೂರ್ವಾಳದು. ನಮ್ಮ ಕಡೆ ಬಿದ್ದ ಹಾಲುಹಲ್ಲನ್ನು ಮಾಳಿಗೆಯ ಮೇಲೆ ಒಗೆಯುತ್ತಾರೆ. ಜಾಬ್ರಿಯಾದ ಏಳು ಅಂತಸ್ತಿನ ಮಾಳಿಗೆಗೆ ಯಾರ ಕೈ ಎಟುಕೀತು? ಕರಿಬೇವಿನ ಬುಡದಲ್ಲಿ ಹೂತಿದ್ದೆವು. "ಅಪ್ಪಾ, ದಟ್ಸ್ ಮೈನ್" ಎಂದು ಅಪೂರ್ವಾ ಪಕ್ಕದಲ್ಲಿ ಬಂದು ಕೂತಳು, ಆಮೇಲೆ ಏಳಲಿಲ್ಲ.

ಇದ್ರೀಸ್ ತಲೆ ಅಲ್ಲಾಡಿಸಿದ. "ಮೂರು ತಿಂಗಳ ಹಿಂದೆ ಹಾಕಿದ ಮಣ್ಣು ಕೆಳಗಿದೆ, ಒಂಬತ್ತು ವರ್ಷದ ಮಣ್ಣು ಮೇಲಿದೆ. ನಮ್ಮ ತಂಡದ ದೊಡ್ಡ ಸಾಹೇಬರು ಇದನ್ನು ನೋಡಿದ್ದರೆ ಕೆಲಸ ಬಿಟ್ಟು ಊರಿಗೆ ಹೋಗುತ್ತಿದ್ದರು." ಅವನು ನಗುತ್ತಿದ್ದಾನೆಂದು ತಿಳಿಯಲು ನಮಗೆ ಒಂದು ನಿಮಿಷ ಬೇಕಾಯಿತು. ಗಿರಿಜಾ ಕಣ್ಣೊರೆಸಿಕೊಂಡು ತಾನೂ ನಕ್ಕಳು.

ಕೊನೆಗೆ ಗಿಡವನ್ನು ನಾನು, ಗಿರಿಜಾ ಇಬ್ಬರೂ ಹಿಡಿದು ಎತ್ತಿದೆವು. ಅಂಚಿನ ಒಂದು ದಪ್ಪ ಬೇರು ಚಮಚಕ್ಕೆ ಸಿಕ್ಕಿ 'ಕಟ್' ಎಂದು ತುಂಡಾಯಿತು. ಆ ಸದ್ದಿಗೆ ಗಿರಿಜಾ ಹಲ್ಲು ಕಚ್ಚಿದ್ದನ್ನು ನಾನು ನೋಡಿದೆ. ತಳದಲ್ಲಿ ಚೂರು ಇತ್ತು. ದಾರದಷ್ಟು ಸಣ್ಣ ಬಿಳಿ ಬೇರುಗಳು ಅದನ್ನು ಸುತ್ತಿಕೊಂಡಿದ್ದವು, ಒಂದೊಂದು ಬೇರು ಆ ಉಗುರಿನ ಗುರುತಿನ ಒಳಗೇ ಮಲಗಿತ್ತು. ಇದ್ರೀಸ್ ಅದನ್ನು ಬಿಡಿಸಿ ತೆಗೆಯಲಿಲ್ಲ. ತನ್ನ ಹೆಬ್ಬೆರಳನ್ನು ಆ ಗುರುತಿನ ಮೇಲೆ ಇಟ್ಟ. ಅವನ ಕಣ್ಣು ತುಂಬಿದವು. ನನ್ನವೂ ತುಂಬಿದವು, ಧೂಳು ಎಂದು ಹೇಳಲು ಆವತ್ತು ಗಾಳಿಯೂ ಇರಲಿಲ್ಲ.

"ಐದು ತಿಂಗಳಾಯಿತು, ಅವ್ವನ ದನಿ ಕೇಳಿ" ಎಂದ.

ಆಮೇಲೆ ಚಮಚವನ್ನು ಅಳತೆಗೋಲಿನಂತೆ ಚೂರಿನ ಪಕ್ಕ ಇಟ್ಟು, ಉತ್ತರ ಯಾವ ಕಡೆ ಎಂದು ಕೇಳಿ, ಕ್ರಮವಾಗಿ ಫೋಟೋ ತೆಗೆದ. ಗಿರಿಜಾ ತೊಳೆದ ಡಬ್ಬಿಯನ್ನು ತಂದು ಮುಂದೆ ಹಿಡಿದಳು. ಅವನು ಬೇಡವೆಂದ.

"ಚಳಿಗಾಲ ಮುಗಿದ ಮೇಲೆ ನಾವು ತೋಡಿದ್ದನ್ನೆಲ್ಲ ಮತ್ತೆ ಮರಳು ತುಂಬಿ ಮುಚ್ಚುತ್ತಿದ್ದೆವು ಸಿಸ್ಟರ್. ಮಣ್ಣಿನ ಕೆಳಗಿದ್ದರೇ ಅದಕ್ಕೆ ಕ್ಷೇಮ. ನನ್ನ ಕಪಾಟಿನಲ್ಲಿ ಅದಕ್ಕೇನು ಕೆಲಸ? ಅವ್ವನ ಹೊಲದ ಮಣ್ಣು, ಹೊಲದ ಕೆಲಸವನ್ನೇ ಮಾಡುತ್ತಿದೆ. ಅಲ್ಲೇ ಇರಲಿ." ಚೂರನ್ನು ತೂತಿನ ಮೇಲೆ ತಾನೇ ಕೂರಿಸಿದ. ಹಲ್ಲನ್ನೂ ಬಳೆಚೂರನ್ನೂ ಮಗಳು ಎಲ್ಲಿ ಹೇಳಿದಳೋ ಅಲ್ಲೇ ಇಟ್ಟ.

ಮುಂದಿನ ಎರಡು ವಾರ ಗಿಡ ಎಲೆ ಉದುರಿಸಿತು. ನಮ್ಮ ಮನೆಯಲ್ಲಿ ಒಗ್ಗರಣೆ ಬೋಳಾಯಿತು, ಮಾತೂ ಕಡಿಮೆಯಾಯಿತು. ಇದ್ರೀಸ್ ಬೆಳಗಿನ ಚಹಾಕ್ಕೆ ಕೂತರೆ ಮೊದಲು ಕೇಳುತ್ತಿದ್ದದ್ದು ಗಿಡದ ಆರೋಗ್ಯ. ನನಗೆ ಜ್ವರ ಬಂದು ಎರಡು ದಿನ ರಜೆ ಹಾಕಿದಾಗಲೂ ಫೋನು ಮಾಡಿ ಗಿಡ ಹೇಗಿದೆ ಎಂದ. ಮೂರನೆಯ ವಾರ ತುದಿಯಲ್ಲಿ ಕೆಂಪು ಚಿಗುರು ಬಂತು. ಅದರ ಹಿಂದೆಯೇ, ಬೇರು ತುಂಡಾಗಿದ್ದಲ್ಲಿ, ಕುಂಡದ ಅಂಚಿಗೆ ಒಂದು ಮರಿ ಎದ್ದಿತು. ಬೇರಿಗೆ ಪೆಟ್ಟಾದರೆ ಕರಿಬೇವು ಮರಿ ಹಾಕುತ್ತದೆ ಎಂದು ಗಿರಿಜಾಳ ಅವ್ವ ಹೇಳುತ್ತಿದ್ದಳಂತೆ. ಇಷ್ಟು ದಿನ ಪೆಟ್ಟು ಕೊಡಲು ಇವಳಿಗೇ ಮನಸ್ಸು ಬಂದಿರಲಿಲ್ಲ.

ಆಮೇಲೊಂದು ದಿನ ಇದ್ರೀಸನ ಅವ್ವನ ಫೋನು ಹತ್ತಿತು. ಹತ್ತು ನಿಮಿಷದಲ್ಲಿ ಎರಡು ನಿಮಿಷ ಅಳುವುದು, ಒಂದು ನಿಮಿಷ ಮೇಕೆಯ ಸುದ್ದಿ, ಉಳಿದದ್ದೆಲ್ಲ ಗಿಡದ್ದು. ಇದ್ರೀಸ್ ಕಳಿಸಿಟ್ಟಿದ್ದ ಫೋಟೋ ಅಷ್ಟರಲ್ಲಿ ತಲುಪಿತ್ತು, ನೋಡಿದ್ದಳು. ನನ್ನ ಮಣ್ಣಿನಲ್ಲಿ ಏನು ಬೆಳೆದಿದ್ದೀಯ ಎಂದು ಕೇಳಿದಳಂತೆ.

"ಏನು ಹೇಳಿದೆ?" ಎಂದೆ.

"ಹಿಂದಿಗಳ, ಅಂದರೆ ನಿಮ್ಮ ಇಂಡಿಯಾದವರ, ಒಂದು ಸೊಪ್ಪು. ಎಲ್ಲ ಅಡುಗೆಗೂ ಹಾಕುತ್ತಾರೆ, ಉಣ್ಣುವಾಗ ತೆಗೆದು ತಟ್ಟೆಯ ಅಂಚಿಗಿಡುತ್ತಾರೆ ಎಂದೆ." ಅವನು ಚಹಾ ಗುಟುಕರಿಸಿದ. "ಹಾಗಾದರೆ ಬರುವಾಗ ಒಂದು ಸಸಿ ತಾ ಅಂದಳು. ನಾಳೆಯೇ ಬರುತ್ತೇನೆ ಅನ್ನುವ ಹಾಗೆ."

ಮನೆಗೆ ಬಂದು ಇದನ್ನು ಹೇಳಿದೆ. ಹೌದು, ಈ ಸಲ ನಿಜವಾಗಿಯೂ ಹೇಳಿದೆ. ಗಿರಿಜಾ ಡಬ್ಬಿಗೆ ಮತ್ತೆ ಸೇರಿದ್ದ ಕ್ಲಿಪ್ಪು ಸುರಿದು, ತಳಕ್ಕೆ ಮೊಳೆ ಹೊಡೆದು ಒಂದು ತೂತು ಮಾಡಿದಳು. ತೂತಿಗೆ ಮುಚ್ಚಲು ಚೂರು ಬೇಕಲ್ಲ. ಸುತ್ತ ನೋಡಿದಳು. ನನ್ನ ಕಪ್ಪಿನ ಮೇಲೆ ಅವಳ ಕಣ್ಣು ಬಿತ್ತು. ಏಳು ವರ್ಷ ಕಾದಿದ್ದಳೆಂದು ಕಾಣುತ್ತದೆ, ಒಂದೇ ಏಟಿಗೆ ಒಡೆದಳು. ನೀಲಿ ಹೂವಿದ್ದ ತುಂಡನ್ನು ಆರಿಸಿ ತೂತಿನ ಮೇಲಿಟ್ಟು, ಕುಂಡದಿಂದ ಆ ಬೂದು ಮಣ್ಣನ್ನು ತುಂಬಿ ಮರಿಯನ್ನು ನೆಟ್ಟಳು. ಮುಂದೆ ಯಾವ ಕಾಲದಲ್ಲೋ ಆ ನಡುಗಡ್ಡೆಯನ್ನು ಮತ್ತೆ ಅಗೆಯುವವರು ಬರುತ್ತಾರೆ. ಕರಿಬೇವಿನ ಬೇರಿನ ಕೆಳಗೆ ನನ್ನ ಕಪ್ಪು ಸಿಗುತ್ತದೆ. ಇದು ಯಾವ ದೊರೆಯದೆಂದು ಅವರು ತಲೆ ಕೆರೆದುಕೊಳ್ಳಲಿ.

ಊರ ದಾರಿ ಇನ್ನೂ ತೆರೆದಿಲ್ಲ. ಇದ್ರೀಸ್ ಪ್ರತಿ ಶುಕ್ರವಾರ ಬಂದು ಡಬ್ಬಿಯ ಪಕ್ಕ ಕೂತು ಚಹಾ ಕುಡಿದು ಹೋಗುತ್ತಾನೆ. ಮರಿ ಗೇಣುದ್ದ ಆಗಿದೆ. ನಾನು ಒಮ್ಮೆ ಪೆಟ್ಟು ತಿಂದವನು, ಹಾಲಿನ ಪುಡಿ ಎಂದು ಅಚ್ಚಾದ ಕಡೆ ಬಿಳಿ ಕಾಗದ ಅಂಟಿಸಿ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ಇದು ಇದ್ರೀಸನ ಊರು, ಯಾರೂ ಮುಟ್ಟಬಾರದು. ಅದರ ಕೆಳಗೆ ಗಿರಿಜಾ ಪೆನ್ಸಿಲಿನಲ್ಲಿ ಸೇರಿಸಿದ್ದಾಳೆ: ನೀರು ಹಾಕಬಹುದು.